ಹಿತ್ತಲ ಕೆರೆಯಲ್ಲಿ ಗೇಟರ್: ಫ್ಲೋರಿಡಾದಲ್ಲಿ ನೀರಿನ ಪಕ್ಕ ಬದುಕುವುದು ಹೇಗೆ?

ಏಪ್ರಿಲ್ ತಿಂಗಳು. ಅಮ್ಮ ತುಮಕೂರಿನಿಂದ ನಮ್ಮ ಮನೆಗೆ ಬಂದು ಮೂರು ದಿನ ಆಗಿತ್ತು. ಸಂಜೆ ಪಾತ್ರೆ ತೊಳೆಯುತ್ತಾ ಕಿಟಕಿಯಾಚೆ ನೋಡಿದೆ. ಅಮ್ಮ ಹಿತ್ತಲ ಕೆರೆಯ ದಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಸ್ಟೀಲ್ ತಟ್ಟೆ, ಅದರಲ್ಲಿ ಮಧ್ಯಾಹ್ನ ಉಳಿದ ಅನ್ನ. ಚೆಲ್ಲಿದ ಅನ್ನಕ್ಕೆ ಸಣ್ಣ ಮೀನುಗಳು ಮುತ್ತಿಕೊಂಡಿದ್ದವು. ಎರಡು ಆಮೆ ತಲೆ ಎತ್ತಿದ್ದವು. ಆಮೆಗಳ ಹಿಂದೆ, ಇಪ್ಪತ್ತು ಇಪ್ಪತ್ತೈದು ಅಡಿ ದೂರದಲ್ಲಿ, ನೀರಿನ ಮೇಲೆ ಎರಡು ಕಪ್ಪು ಗುಬುಟು. ಅವುಗಳ ಮುಂದೆ ಒಂದು ಗೇಣಿಗೆ ಸ್ವಲ್ಪ ಕಮ್ಮಿ ಜಾಗ ಬಿಟ್ಟು ಇನ್ನೊಂದು ಗುಬುಟು. ಯಾವುದೂ ಅಲುಗಾಡುತ್ತಿರಲಿಲ್ಲ.

ನಾನು ಕೂಗಿದ ಕೂಗಿಗೆ ಅಮ್ಮನ ತಟ್ಟೆ ಕೈ ಜಾರಿತು. "ಯಾಕೇ ಹಂಗೆ ಕಿರುಚ್ತೀಯ? ಮೀನಿಗೆ ಒಂದು ತುತ್ತು ಹಾಕ್ತಿದ್ದೆ ಅಷ್ಟೇ" ಅಂದಳು. ಕೈ ಹಿಡಿದು ಮೇಲೆ ಕರೆದುಕೊಂಡು ಬಂದು ತಿರುಗಿ ನೋಡುವಷ್ಟರಲ್ಲಿ ಮೂರು ಗುಬುಟೂ ಇರಲಿಲ್ಲ. ಸದ್ದಿಲ್ಲ, ಅಲೆಯಿಲ್ಲ. ನೀರಿನ ಮೇಲೆ ಕಂಡದ್ದು ಅಲಿಗೇಟರಿನ ಕಣ್ಣು, ಮೂಗು. ಇಲ್ಲಿನವರು ಗೇಟರ್ ಅನ್ನುವ, ಮೊಸಳೆಯ ನೆಂಟ ಅದು. ಇದ್ದಲ್ಲೇ ಮುಳುಗಿ ಹೋಗಿತ್ತು.

ಅಮ್ಮ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ, ನಮ್ಮೂರಿನ ಲೆಕ್ಕದಲ್ಲಿ. ಶೃಂಗೇರಿಗೆ ಹೋದರೆ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಮಂಡಕ್ಕಿ ಹಾಕದೆ ಯಾರು ಬರುತ್ತಾರೆ? ಹೇಳಬೇಕಾಗಿದ್ದವಳು ನಾನು. ಹೇಳಿರಲಿಲ್ಲ. ಊರಿಂದ ಅಪ್ಪ ಅಮ್ಮ ಬಂದಾಗ ಒಲೆ ಹಚ್ಚೋದು, ಬಾಗಿಲು ಲಾಕ್ ಮಾಡೋದು ಎಲ್ಲ ತೋರಿಸುತ್ತೇವೆ. ಹಿತ್ತಲ ನೀರಿನ ಬಗ್ಗೆ ಕೂತು ಮಾತಾಡುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ಕೆರೆ ಎಲ್ಲಿಂದ ಬಂತು ಅಂತ ಹೇಳಬೇಕು. ಫ್ಲೋರಿಡಾ ಅಂಗೈಯಷ್ಟು ಚಪ್ಪಟೆ ನೆಲ. ಸ್ವಲ್ಪ ಅಗೆದರೆ ನೀರು. ಮಳೆಗಾಲದಲ್ಲಿ ದಿನಾ ಮಧ್ಯಾಹ್ನ ಸುರಿಯುವ ಮಳೆ ಎಲ್ಲಿಗೆ ಹೋಗಬೇಕು? ಹಾಗಾಗಿ ಹೊಸ ಬಡಾವಣೆ ಕಟ್ಟುವವರು ಮಳೆನೀರು ನಿಲ್ಲಲು ಹೊಂಡ ತೋಡಲೇಬೇಕು. ತೋಡಿದ ಮಣ್ಣನ್ನೇ ಮನೆಗಳ ಅಡಿಗೆ ಹಾಕಿ ನೆಲ ಎತ್ತರಿಸುತ್ತಾರೆ. ಹೊಂಡಕ್ಕೆ 'ಲೇಕ್ ವ್ಯೂ' ಅಂತ ಹೆಸರಿಟ್ಟು ಸೈಟಿಗೆ ಜಾಸ್ತಿ ಬೆಲೆ ಹೇಳುತ್ತಾರೆ. ಈ ಹೊಂಡಗಳು ಒಂಟಿಯಲ್ಲ. ರಸ್ತೆಯಡಿಯ ದೊಡ್ಡ ಪೈಪುಗಳು ಒಂದನ್ನು ಇನ್ನೊಂದಕ್ಕೆ, ಆಮೇಲೆ ಕಾಲುವೆಗೆ, ಕೊನೆಗೆ ಯಾವುದೋ ಜೌಗಿಗೆ ಸೇರಿಸುತ್ತವೆ. ಅಲಿಗೇಟರಿಗೆ ಈ ಪೈಪು ರಸ್ತೆ ಇದ್ದಂತೆ. ಪೈಪು ಸಿಗದಿದ್ದರೆ ರಾತ್ರಿ ಹುಲ್ಲಿನ ಮೇಲೆ ನಡೆದೇ ಬರುತ್ತದೆ.

ಫ್ಲೋರಿಡಾದಲ್ಲಿ ಸುಮಾರು 13 ಲಕ್ಷ ಅಲಿಗೇಟರುಗಳಿವೆ ಅಂತ ಇಲ್ಲಿನ ವನ್ಯಜೀವಿ ಇಲಾಖೆ ಎಫ್‌ಡಬ್ಲ್ಯುಸಿ ಹೇಳುತ್ತದೆ. ರಾಜ್ಯದ 67 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಿದ್ದಂತೆ) ಅವು ಇಲ್ಲದ ಕೌಂಟಿ ಒಂದೂ ಇಲ್ಲ. ಆದ್ದರಿಂದ "ನಮ್ಮ ಪಾಂಡ್‌ನಲ್ಲಿ ಗೇಟರ್ ಇದೆಯಾ?" ಅಂತ ಕೇಳುವುದೇ ಸರಿಯಲ್ಲ. ನಿನ್ನೆ ಇರಲಿಲ್ಲ ಅನ್ನೋದು ಇವತ್ತಿಗೆ ಗ್ಯಾರಂಟಿ ಅಲ್ಲ. ಸಿಹಿನೀರು ಕಂಡಲ್ಲಿ ಇದೆ ಅಂತಲೇ ತಿಳಿದು ನಡೆಯಬೇಕು. ಚಂಡಮಾರುತದ ಮಳೆ ಬಂದು ಹೊಂಡ ಉಕ್ಕಿದರಂತೂ ರಸ್ತೆಯಲ್ಲಿ ನಿಂತ ನೀರನ್ನೂ ಹಾಗೇ ಕಾಣಬೇಕು.

ಕನ್ನಡದಲ್ಲಿ ನಮಗೆ ಇರುವುದು ಮೊಸಳೆ ಅನ್ನೋ ಒಂದೇ ಪದ. ಇಂಡಿಯಾದಲ್ಲಿ ಅಲಿಗೇಟರ್ ಇಲ್ಲ. ರಂಗನತಿಟ್ಟಿನ ಬಂಡೆಗಳ ಮೇಲೆ ಬಾಯಿ ತೆರೆದು ಬಿಸಿಲು ಕಾಯುವುದು, ದಾಂಡೇಲಿಯ ಕಾಳಿ ನದಿಯಲ್ಲಿ ತೇಲುವುದು ಮಗ್ಗರ್ ಜಾತಿ. ಅದು ಬೇರೆ, ಇದು ಬೇರೆ. ಅಲಿಗೇಟರಿನ ಮೂತಿ ಅಗಲ, ತುದಿ ದುಂಡು. ಬಾಯಿ ಮುಚ್ಚಿದಾಗ ಕೆಳಗಿನ ಹಲ್ಲು ಹೆಚ್ಚಾಗಿ ಕಾಣುವುದಿಲ್ಲ. ಬಣ್ಣ ಕಪ್ಪು. ಸ್ವಭಾವದಲ್ಲೂ ವ್ಯತ್ಯಾಸವಿದೆ: ಮನುಷ್ಯರನ್ನು ಕಂಡರೆ ಅಲಿಗೇಟರ್ ಸಾಮಾನ್ಯವಾಗಿ ದೂರ ಸರಿಯುತ್ತದೆ. ಈ 'ಸಾಮಾನ್ಯವಾಗಿ' ಅನ್ನೋದು ಉಳಿಯುವುದೂ ಹಾಳಾಗುವುದೂ ನಮ್ಮ ಕೈಯಲ್ಲಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಕಾಲಕ್ಕೆ ಚರ್ಮಕ್ಕಾಗಿ ಇವನ್ನು ಎಷ್ಟು ಕೊಂದರು ಅಂದರೆ 1967ರಲ್ಲಿ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು. ಬೇಟೆ ನಿಂತ ಮೇಲೆ ಚೇತರಿಸಿಕೊಂಡವು. 1987ರಲ್ಲಿ ಪಟ್ಟಿಯಿಂದ ತೆಗೆದರು. ಇವುಗಳಿಂದ ಬೇರೆ ಜೀವಗಳಿಗೂ ಉಪಕಾರವಿದೆ. ದಕ್ಷಿಣ ಫ್ಲೋರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಮಳೆಯಿಲ್ಲದ ತಿಂಗಳುಗಳಲ್ಲಿ ನೀರು ಒಣಗಿದಾಗ ಅಲಿಗೇಟರ್ ತೋಡಿಕೊಂಡ ಗುಂಡಿಗಳಲ್ಲೇ ಮೀನು, ಆಮೆ, ಹಕ್ಕಿಗಳು ಬದುಕುತ್ತವೆ. ಕೊಕ್ಕರೆಗಳು ಬೇಕಂತಲೇ ಅಲಿಗೇಟರ್ ಇರುವ ನೀರಿನ ಮೇಲಿನ ಮರದಲ್ಲಿ ಗೂಡು ಕಟ್ಟುತ್ತವೆ. ಮೊಟ್ಟೆ ಕದಿಯುವ ರಕೂನ್‌ಗಳು ಆ ಮರದ ಹತ್ತಿರ ಬರಲು ಹೆದರುತ್ತವೆ.

ಈಗ ಅದು ಬೇಟೆ ಆಡುವ ಬಗೆ. ಇದೊಂದು ಅರ್ಥವಾದರೆ ಉಳಿದ ಎಚ್ಚರಿಕೆಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಗಜೇಂದ್ರಮೋಕ್ಷದ ಕಥೆ ನೆನಪಿದೆಯಲ್ವಾ? ಆನೆಯ ಕಾಲನ್ನೇ ಹಿಡಿದು ನಿಲ್ಲಿಸಿತು ಮೊಸಳೆ. ನೆಲದ ಮೇಲೆ ಆನೆಯ ಹತ್ತಿರವೂ ಸುಳಿಯಲಾರದ್ದು ನೀರಲ್ಲಿ ಅದನ್ನೇ ಎಳೆಯಿತು. ಅಲಿಗೇಟರಿನ ಬಲವೂ ಹಾಗೇ, ನೀರಲ್ಲಿದೆ. ಅದು ಬೆನ್ನಟ್ಟಿ ಹಿಡಿಯುವ ಪ್ರಾಣಿ ಅಲ್ಲ, ಹೊಂಚು ಹಾಕುವ ಪ್ರಾಣಿ. ಕಣ್ಣು, ಕಿವಿ, ಮೂಗಿನ ಹೊಳ್ಳೆ ಮೂರೂ ತಲೆಯ ಮೇಲ್ಭಾಗದಲ್ಲಿವೆ. ಮೈಯೆಲ್ಲ ಮುಳುಗಿಸಿಕೊಂಡು ಆ ಮೂರನ್ನು ಮಾತ್ರ ಹೊರಗಿಟ್ಟು ಕಾಯುತ್ತದೆ. ಬೇಕೆಂದರೆ ಅದನ್ನೂ ಒಳಗೆಳೆದುಕೊಂಡು ಹತ್ತಿಪ್ಪತ್ತು ನಿಮಿಷ ಉಸಿರು ಬಿಗಿಹಿಡಿದು ತಳದಲ್ಲಿ ಕೂರುತ್ತದೆ. ನೀರು ಕುಡಿಯಲು ಬಂದ ಪ್ರಾಣಿ ದಡದಲ್ಲಿ ತಲೆ ಬಗ್ಗಿಸಿದಾಗ ಬಾಲವನ್ನು ಒಮ್ಮೆ ಬೀಸಿ ನುಗ್ಗುತ್ತದೆ. ಎಲ್ಲ ಮುಗಿಯಲು ಒಂದೆರಡು ಸೆಕೆಂಡು ಸಾಕು.

ಅದರ ದವಡೆಯ ಸುತ್ತ ಗುಂಡುಸೂಜಿ ತಲೆಯಷ್ಟು ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ, ಎರಡು ದಿನ ಬೋಳಿಸದ ಗಡ್ಡದಂತೆ. ಅವು ಏನು ಮಾಡುತ್ತವೆ ಅಂತ 2002ರಲ್ಲಿ ಡಾಫ್ನಿ ಸೋರೆಸ್ ಎಂಬ ವಿಜ್ಞಾನಿ ತೋರಿಸಿದರು. ಪೂರ್ತಿ ಕತ್ತಲಲ್ಲಿ, ಕಿವಿಗೆ ಏನೂ ಕೇಳಿಸದಂತೆ ಮಾಡಿ, ನೀರಿನ ಮೇಲೆ ಒಂದೇ ಒಂದು ಹನಿ ಬೀಳಿಸಿದರು. ಅರ್ಧ ಮುಳುಗಿದ್ದ ಅಲಿಗೇಟರ್ ಹನಿ ಬಿದ್ದ ಕಡೆಗೆ ತಿರುಗಿತು. ನೀರಿನ ನಡುಕವನ್ನು ಅದು ಮುಖದ ಚರ್ಮದಿಂದಲೇ ತಿಳಿಯುತ್ತದೆ. ದಡದಲ್ಲಿ ಕೂತು ತಟ್ಟೆ ಜಾಲಿಸುವುದು, ಮಗು ಕಾಲು ಇಳಿಬಿಟ್ಟು ನೀರು ಚಿಮ್ಮಿಸುವುದು, ನಾಯಿ ಲೊಚಲೊಚ ನೆಕ್ಕುವುದು, ಇವೆಲ್ಲ ಕೆರೆಯ ಆ ತುದಿಗೂ ಸುದ್ದಿ ಮುಟ್ಟಿಸುತ್ತವೆ.

ಅಂದರೆ ಅಪಾಯ ಕೆರೆಯ ನಡುವೆ ಇರುವುದಕ್ಕಿಂತ ಅಂಚಿನಲ್ಲಿದೆ. ನೀರು ಮತ್ತು ನೆಲ ಸೇರುವ ಆ ನಾಲ್ಕಾರು ಹೆಜ್ಜೆ. ನಮ್ಮ ಮನೆಯಲ್ಲಿ ಲೆಕ್ಕ ಇಷ್ಟೇ: ಅಂಚಿನಿಂದ ಎರಡು ಕಾರು ಉದ್ದದಷ್ಟು, ಅಂದರೆ ಸುಮಾರು ಮೂವತ್ತು ಅಡಿ, ಈಚೆಗೆ ನಿಲ್ಲಬೇಕು. ಅಷ್ಟು ದೂರದಲ್ಲಿ ನಿಂತರೆ ಸೂರ್ಯ ಮುಳುಗುವುದೂ ಕಾಣುತ್ತದೆ, ಕೊಕ್ಕರೆಯೂ ಕಾಣುತ್ತದೆ, ಏನೂ ನಷ್ಟವಿಲ್ಲ. ಕೂರುವುದು, ಬಗ್ಗುವುದು, ಕಾಲು ತೊಳೆಯುವುದು ನೀರಿನ ಪಕ್ಕ ಬೇಡವೇ ಬೇಡ. ಕುಕ್ಕರುಗಾಲಲ್ಲಿ ಕೂತ ದೊಡ್ಡವರು ಅದರ ಕಣ್ಣಿಗೆ ಸಣ್ಣ ಪ್ರಾಣಿಯಾಗಿ ಕಾಣಬಹುದು. ಮಕ್ಕಳು ಆಡುವಾಗ ಕ್ರಿಕೆಟ್ ಬಾಲ್ ನೀರಿಗೆ ಹೋಯಿತಾ? ಹೋಯಿತು ಅಷ್ಟೇ. ಇನ್ನೊಂದು ಬಾಲ್ ತನ್ನಿ.

ಹೊತ್ತು ಕೂಡ ಮುಖ್ಯ. ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಅವು ಹೆಚ್ಚು ಚುರುಕು. ನಮ್ಮವರಿಗೋ ವಾಕಿಂಗ್ ಅಂದರೆ ಅದೇ ಎರಡು ಹೊತ್ತು. ನಡೆಯಿರಿ, ಆದರೆ ಕೆರೆಯ ಬದಿಯ ದಾರಿ ಬಿಟ್ಟು ಮನೆಗಳ ಮುಂದಿನ ಫುಟ್‌ಪಾತ್ ಹಿಡಿಯಿರಿ. ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಅದರ ಕಣ್ಣು ಕೆಂಡದ ಹಾಗೆ ಕೆಂಪಗೆ ಹೊಳೆಯುತ್ತದೆ. ಕಂಡರೆ ಒಳ್ಳೆಯದು. ಕಾಣದಿದ್ದರೆ ಇಲ್ಲ ಅಂತ ಅರ್ಥವಲ್ಲ.

ಚಳಿಗಾಲದ ಬಗ್ಗೆ ಒಂದು ಮಾತು. ಮೈಬಿಸಿಯನ್ನು ಹೊರಗಿನಿಂದ ಪಡೆಯುವ ಪ್ರಾಣಿ ಇದು. ಹವೆ ಸುಮಾರು 70 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ತಿನ್ನುವುದು ನಿಲ್ಲಿಸುತ್ತದೆ, 55ಕ್ಕೆ ಇಳಿದರೆ ಮಂಕಾಗಿ ಬಿದ್ದಿರುತ್ತದೆ. ಹಾಗಂತ ಜನವರಿ, ಫೆಬ್ರವರಿಯಲ್ಲಿ ಮೈಮರೆಯುವ ಹಾಗಿಲ್ಲ. ಫ್ಲೋರಿಡಾದಲ್ಲಿ ಚಳಿಗಾಲದ ನಡುವೆಯೂ ಬಿಸಿ ದಿನಗಳು ಬರುತ್ತವೆ. 2023ರ ಫೆಬ್ರವರಿಯಲ್ಲೇ ಸೇಂಟ್ ಲೂಸಿ ಕೌಂಟಿಯಲ್ಲಿ 85 ವರ್ಷದ ಅಜ್ಜಿಯೊಬ್ಬರು ತಮ್ಮ ನಾಯಿಯ ಜೊತೆ ಕೆರೆಯ ಪಕ್ಕ ನಡೆಯುತ್ತಿದ್ದಾಗ ಹತ್ತಡಿಗೂ ದೊಡ್ಡ ಅಲಿಗೇಟರ್ ನಾಯಿಯ ಮೇಲೆ ನುಗ್ಗಿತು. ನಾಯಿ ಉಳಿಯಿತು. ಅಜ್ಜಿ ಉಳಿಯಲಿಲ್ಲ.

ನಾಯಿ ಸಾಕಿರುವವರು ಈ ಘಟನೆಯನ್ನು ಮನಸ್ಸಲ್ಲಿ ಇಟ್ಟುಕೊಳ್ಳಬೇಕು. ನಾಯಿಯ ಗಾತ್ರ, ಅದರ ನಡಿಗೆ, ನೀರಿಗೆ ಮೂಗು ಹಚ್ಚುವ ಅಭ್ಯಾಸ ಎಲ್ಲವೂ ಅಲಿಗೇಟರ್ ದಿನಾ ತಿನ್ನುವ ಪ್ರಾಣಿಗಳನ್ನೇ ಹೋಲುತ್ತವೆ. ಉದ್ದುದ್ದ ಎಳೆದುಕೊಳ್ಳುವ ಹಗ್ಗ ಬೇಡ. ಗಿಡ್ಡ ಹಗ್ಗ ಇರಲಿ, ನಾಯಿ ನೀರಿನ ಕಡೆ ಬೇಡ, ನೀವು ನಡುವೆ ಬೇಡ, ಇಬ್ಬರೂ ದೂರ.

ಮಕ್ಕಳ ವಿಷಯಕ್ಕೆ ಬಂದರೆ 2016ರ ಜೂನ್ ಕಣ್ಣ ಮುಂದೆ ಬರುತ್ತದೆ. ಒರ್ಲ್ಯಾಂಡೋ ಹತ್ತಿರದ ರೆಸಾರ್ಟ್ ಒಂದರಲ್ಲಿ, ರಾತ್ರಿ ಹೊತ್ತು, ಮರಳ ದಂಡೆಯ ತೆಳು ನೀರಲ್ಲಿದ್ದ ಎರಡು ವರ್ಷದ ಮಗುವನ್ನು ಅಲಿಗೇಟರ್ ಎಳೆದೊಯ್ದಿತು. ಅಪ್ಪ ಅಲ್ಲೇ ಇದ್ದರು. ಬರಿಗೈಯಲ್ಲಿ ದವಡೆ ಬಿಡಿಸಲು ಹೋದರು, ಆಗಲಿಲ್ಲ. 'ಈಜಬೇಡಿ' ಅನ್ನೋ ಬೋರ್ಡ್ ಇತ್ತು, ಅಲಿಗೇಟರ್ ಇದೆ ಅಂತ ಇರಲಿಲ್ಲ. ಆಮೇಲೆ ಬೋರ್ಡ್ ಬಂತು, ದಂಡೆಯುದ್ದಕ್ಕೂ ಕಲ್ಲಿನ ಅಡ್ಡಗೋಡೆ ಬಂತು. ನಮ್ಮೂರಿಂದ ಎಷ್ಟೋ ಕುಟುಂಬಗಳು ರಜೆಗೆ ಒರ್ಲ್ಯಾಂಡೋಗೆ ಬರುತ್ತವೆ. ಹೋಟೆಲಿನ ಕೆರೆ ಚಂದ ಕಾಣುತ್ತದೆ ಅಂತ ಮಗುವನ್ನು ಅಂಚಿಗೆ ಬಿಡಬೇಡಿ. ಈಜಬೇಕೆಂದರೆ ಈಜುಕೊಳ ಇದೆ. ಕೆರೆಯಲ್ಲೇ ಈಜುವುದಾದರೆ ಅದಕ್ಕೆಂದೇ ಗುರುತು ಮಾಡಿದ ಜಾಗದಲ್ಲಿ, ಹಗಲು ಹೊತ್ತಿನಲ್ಲಿ ಮಾತ್ರ.

ಇಷ್ಟೆಲ್ಲ ಓದಿ ಗಾಬರಿಯಾಗಬೇಡಿ. ವೈದ್ಯರ ಹತ್ತಿರ ಹೋಗಲೇಬೇಕಾಗುವಂಥ ಕಡಿತ, ಮನುಷ್ಯರು ಕೆಣಕದೆಯೂ ಆದದ್ದು, ಇಡೀ ಫ್ಲೋರಿಡಾದಲ್ಲಿ ವರ್ಷಕ್ಕೆ ಸರಾಸರಿ ಎಂಟು. ಇಲ್ಲಿ ವಾಸಿಸುವ ಒಬ್ಬರಿಗೆ ಹೀಗಾಗುವ ಸಾಧ್ಯತೆ ಸುಮಾರು 31 ಲಕ್ಷದಲ್ಲಿ ಒಂದು ಅಂತ ಎಫ್‌ಡಬ್ಲ್ಯುಸಿ ಲೆಕ್ಕ ಹಾಕಿದೆ. 13 ಲಕ್ಷ ಅಲಿಗೇಟರುಗಳ ಜೊತೆ ಎರಡು ಕೋಟಿಗೂ ಹೆಚ್ಚು ಜನ ಬದುಕುತ್ತಿದ್ದಾರೆ, ಆದರೂ ಇಷ್ಟು ಕಮ್ಮಿ. ಯಾಕೆ? ಅವುಗಳಿಗೆ ನಮ್ಮನ್ನು ಕಂಡರೆ ಭಯ. ಆ ಭಯವೇ ನಮ್ಮ ಬೇಲಿ.

ಅನ್ನ ಹಾಕುವುದು ಕಿತ್ತುಹಾಕುವುದು ಈ ಬೇಲಿಯನ್ನೇ. ಅಲಿಗೇಟರ್ ನಾವು ಅಂದುಕೊಂಡಷ್ಟು ಮಂದಬುದ್ಧಿಯದಲ್ಲ. ಎಲ್ಲಿ, ಯಾವ ಹೊತ್ತಿಗೆ ತಿನ್ನಲು ಸಿಗುತ್ತದೆ ಅನ್ನೋದನ್ನು ಬೇಗ ಕಲಿಯುತ್ತದೆ. ಎರಡು ಮೂರು ಸಲ ಮನುಷ್ಯರ ನೆರಳು ಬಿದ್ದಲ್ಲಿ ತಿನ್ನಲು ಸಿಕ್ಕರೆ, ಮುಂದಿನ ಸಲ ನೆರಳು ಕಂಡಾಗ ದೂರ ಹೋಗುವ ಬದಲು ಹತ್ತಿರ ಬರುತ್ತದೆ. ಅವತ್ತು ದಡದಲ್ಲಿ ನಿಂತವರ ಕೈಯಲ್ಲಿ ಏನೂ ಇರದಿರಬಹುದು. ಪಕ್ಕದ ಮನೆಯ ಮಗು ಇರಬಹುದು. "ನಾನು ಗೇಟರಿಗೆ ಹಾಕಲಿಲ್ಲ, ಮೀನಿಗೆ ಹಾಕಿದೆ" ಅಂದರೆ ಆಗಲಿಲ್ಲ. ಅನ್ನಕ್ಕೆ ಮೀನು, ಬ್ರೆಡ್ಡಿಗೆ ಬಾತುಕೋಳಿ, ಮೀನು-ಬಾತುಕೋಳಿ ಸೇರಿದಲ್ಲಿಗೆ ಅಲಿಗೇಟರ್. ಮೀನು ಹಿಡಿಯುವವರು ಸ್ವಚ್ಛ ಮಾಡಿದ ಕಸವನ್ನು ನೀರಿಗೇ ಎಸೆಯುವುದೂ ಇದೇ ಸಾಲಿಗೆ ಬರುತ್ತದೆ. ಫ್ಲೋರಿಡಾದಲ್ಲಿ ಅಲಿಗೇಟರಿಗೆ ತಿನ್ನಿಸುವುದು ಕಾನೂನಿಗೆ ವಿರುದ್ಧ. ಕೆಣಕುವುದು, ಪರವಾನಗಿ ಇಲ್ಲದೆ ಹಿಡಿಯುವುದು, ಕೊಲ್ಲುವುದು ಕೂಡ.

ಅಮ್ಮನಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಾದ್ರೆ ಅದಕ್ಕೂ ಕೇಡು, ನಮಗೂ ಕೇಡು ಅನ್ನು" ಅಂದಳು. ಅಷ್ಟೇ ಸಾಕಾಯಿತು. ಅದಕ್ಕೆ ಕೇಡು ಹೇಗೆ ಅಂತ ಹೇಳುತ್ತೇನೆ. ನಾಲ್ಕು ಅಡಿಗಿಂತ ಉದ್ದದ, ಜನರಿಗೋ ಸಾಕುಪ್ರಾಣಿಗಳಿಗೋ ಅಪಾಯ ಅನ್ನಿಸುವ ಅಲಿಗೇಟರ್ ಕಂಡರೆ ಎಫ್‌ಡಬ್ಲ್ಯುಸಿಯ ಉಚಿತ ನಂಬರ್ 866-392-4286ಕ್ಕೆ ಫೋನ್ ಮಾಡಬಹುದು. ಗುತ್ತಿಗೆಯ ಟ್ರ್ಯಾಪರ್ ಬಂದು ಹಿಡಿಯುತ್ತಾರೆ. ಹಿಡಿದದ್ದನ್ನು ದೂರದ ಕಾಡಿಗೆ ಬಿಡುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ, ಹೆಚ್ಚಿನವನ್ನು ಕೊಲ್ಲುತ್ತಾರೆ. ಬೇರೆ ಕಡೆ ಬಿಟ್ಟರೆ ತಾನಿದ್ದ ಜಾಗ ಹುಡುಕಿಕೊಂಡು ವಾಪಸ್ ಹೊರಡುತ್ತದೆ, ಬಿಟ್ಟ ಜಾಗದಲ್ಲಿ ಮೊದಲೇ ಇರುವ ಅಲಿಗೇಟರುಗಳ ಜೊತೆ ಕಾದಾಡುತ್ತದೆ. ಹಾಗಾಗಿ ಬಿಸಿಲು ಕಾಯುತ್ತಾ ಎದುರು ದಡದಲ್ಲಿ ಸುಮ್ನೆ ಮಲಗಿರುವುದಕ್ಕೆಲ್ಲ ಫೋನ್ ಮಾಡಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಜನ ಬಂದರೆ ನೀರಿಗೆ ಜಾರುವ ಬದಲು ಜನರ ಕಡೆಗೇ ಈಜಿ ಬರುತ್ತಿದೆ, ಅಂಗಳಕ್ಕೆ ಬಂದು ಕೂತಿದೆ, ಈಜುಕೊಳಕ್ಕೆ ಇಳಿದಿದೆ ಅಂದರೆ ಮಾತ್ರ ಒಂದು ನಿಮಿಷವೂ ತಡ ಮಾಡಬೇಡಿ.

ಉದ್ದ ಅಳೆಯುವುದು ಹೇಗೆ, ಮೈಯೆಲ್ಲ ನೀರಲ್ಲಿರುವಾಗ? ಅದಕ್ಕೆ ಇಲ್ಲಿನವರ ಲೆಕ್ಕ ಒಂದಿದೆ. ಕಣ್ಣಿನಿಂದ ಮೂಗಿನ ಹೊಳ್ಳೆಯವರೆಗೆ ಎಷ್ಟು ಇಂಚು ಇದೆಯೋ ಸುಮಾರಾಗಿ ಅಷ್ಟು ಅಡಿ ಉದ್ದ. ನಮ್ಮ ಲೆಕ್ಕದಲ್ಲಿ ಒಂದು ಗೇಣು ಅಂದರೆ ಒಂಬತ್ತು ಇಂಚು, ಒಂಬತ್ತು ಅಡಿಯ ಪ್ರಾಣಿ. ಹತ್ತಡಿ ದಾಟಿದರೆ ಹೆಚ್ಚುಕಮ್ಮಿ ಗಂಡು ಅಂತಲೇ ಹೇಳಬಹುದು, ಹೆಣ್ಣು ಅಷ್ಟು ಬೆಳೆಯುವುದು ಅಪರೂಪ. ಅವತ್ತು ಅಮ್ಮನ ಎದುರಿಗಿದ್ದದ್ದು ಎಂಟಡಿಯಾದರೂ ಇತ್ತು.

ಅಕಸ್ಮಾತ್ ನೆಲದ ಮೇಲೆ ಎದುರಾದರೆ? ಅಡ್ಡಾದಿಡ್ಡಿ ಓಡಬೇಕು, ಅದಕ್ಕೆ ತಿರುಗಲು ಬರುವುದಿಲ್ಲ ಅನ್ನೋ ಮಾತು ಎಲ್ಲ ಕಡೆ ಹಬ್ಬಿದೆ. ಅದು ಸುಳ್ಳು. ನೆಲದ ಮೇಲೆ ಅದು ಸ್ವಲ್ಪ ದೂರ ಜೋರಾಗಿ ನುಗ್ಗಬಲ್ಲದು, ಆಮೇಲೆ ಸುಸ್ತು. ಮನುಷ್ಯರನ್ನು ನೆಲದ ಮೇಲೆ ಬೆನ್ನಟ್ಟುವುದೇ ಅಪರೂಪ. ನೀರಿನಿಂದ ದೂರಕ್ಕೆ, ನೆಟ್ಟಗೆ, ಬೇಗ ಹೋಗಿ. ಬುಸ್ ಅಂತ ಸದ್ದು ಮಾಡಿದರೆ ಹತ್ತಿರ ಬರಬೇಡ ಅಂತ ಅರ್ಥ. ಫೋಟೊ ಆಮೇಲೆ.

ಕಚ್ಚಿಯೇ ಬಿಟ್ಟರೆ, ಸುಮ್ಮನಿದ್ದರೆ ಬಿಡುತ್ತದೆ ಅಂದುಕೊಳ್ಳಬಾರದು. ಅದು ಹಿಡಿದದ್ದನ್ನು ನೀರಿಗೆಳೆದು ಗಿರಗಿರ ಉರುಳುತ್ತದೆ. ಅಷ್ಟಾಗುವ ಮೊದಲೇ ಕಣ್ಣಿಗೆ ತಿವಿಯಬೇಕು, ಮೂತಿಗೆ ಗುದ್ದಬೇಕು, ಒದೆಯಬೇಕು, ಕಿರುಚಬೇಕು. ಸುಲಭದ ಊಟವಲ್ಲ ಅಂತ ಗೊತ್ತಾದರೆ ಎಷ್ಟೋ ಸಲ ಬಿಟ್ಟುಬಿಡುತ್ತದೆ. ದವಡೆ ಮುಚ್ಚುವ ಸ್ನಾಯುಗಳ ಬಲಕ್ಕೆ ಮನುಷ್ಯರ ಕೈ ಸಾಟಿಯಲ್ಲ, ಅದನ್ನು ಬಿಡಿಸುವುದರಲ್ಲಿ ಹೊತ್ತು ಕಳೆಯಬೇಡಿ. ತಪ್ಪಿಸಿಕೊಂಡ ಮೇಲೆ ಗಾಯ ಸಣ್ಣದು ಅನ್ನಿಸಿದರೂ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಬೇಕು. ಅದರ ಬಾಯಲ್ಲಿರುವ ಬ್ಯಾಕ್ಟೀರಿಯಾದಿಂದ ಗಾಯ ಕೆಟ್ಟದಾಗಿ ಕೀವಾಗುತ್ತದೆ.

ಇನ್ನು ವರ್ಷದ ಲೆಕ್ಕ. ಏಪ್ರಿಲ್ ಶುರುವಿನಿಂದ ಅವುಗಳ ಕೂಡುವ ಕಾಲ. ಗಂಡು ಜೊತೆ ಹುಡುಕಿಕೊಂಡು ಕೆರೆಯಿಂದ ಕೆರೆಗೆ ಅಲೆಯುತ್ತದೆ. ರಸ್ತೆ ದಾಟುವುದು, ಗ್ಯಾರೇಜ್ ಮುಂದೆ ಬಿದ್ದಿರುವುದು ಎಲ್ಲ ಹೆಚ್ಚಾಗಿ ಈಗಲೇ. ಅಮ್ಮ ಬಂದದ್ದೂ ಈ ಕಾಲಕ್ಕೇ. ಒಂದು ಬೆಳಿಗ್ಗೆ ಕಾಫಿ ಹೊತ್ತಿಗೆ ಕೆರೆಯಿಂದ ದೂರದ ಲಾರಿ ಸ್ಟಾರ್ಟ್ ಆದಂಥ ಗುಡುಗು. ಗಂಡು ಕೂಗುತ್ತಿತ್ತು. ತಲೆಯನ್ನೂ ಬಾಲವನ್ನೂ ಮೇಲಕ್ಕೆತ್ತಿ, ಗಂಟಲು ಉಬ್ಬಿಸಿ. ಕೂಗು ಹೊರಡುವ ಒಂದು ಕ್ಷಣ ಮೊದಲು ಅದರ ಬೆನ್ನ ಮೇಲಿನ ನೀರು ಕಾದ ಬಾಣಲೆಗೆ ಚಿಮುಕಿಸಿದಂತೆ ಕುಣಿಯಿತು. ನಮ್ಮ ಕಿವಿಗೆ ಕೇಳದಷ್ಟು ತಗ್ಗಿನ ಸದ್ದಿನ ನಡುಕ ಅದು. ಅಮ್ಮ ಜಾಲರಿ ಬಾಗಿಲಿನ ಒಳಗೇ ನಿಂತು, ಲೋಟ ಹಿಡಿದು, ಮುಗಿಯುವವರೆಗೂ ನೋಡಿದಳು.

ಜೂನ್ ಕೊನೆ, ಜುಲೈ ಶುರುವಿಗೆ ಹೆಣ್ಣು ದಡದಲ್ಲಿ ಸೊಪ್ಪು, ಮಣ್ಣು ಗುಡ್ಡೆ ಹಾಕಿ ಮೂವತ್ತು ನಲವತ್ತು ಮೊಟ್ಟೆ ಇಡುತ್ತದೆ. ಕೊಳೆಯುವ ಸೊಪ್ಪಿನ ಬಿಸಿಯಲ್ಲೇ ಮೊಟ್ಟೆಗೆ ಕಾವು. ಮರಿ ಗಂಡಾಗುವುದೋ ಹೆಣ್ಣಾಗುವುದೋ ಅನ್ನೋದೂ ಆ ಬಿಸಿಯ ಮೇಲೇ ನಿಂತಿದೆ. ಅರವತ್ತು ಅರವತ್ತೈದು ದಿನಕ್ಕೆ, ಅಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಶುರುವಿನೊಳಗೆ, ಮರಿಗಳು ಹೊರಬರುತ್ತವೆ. ಗೇಣುದ್ದ, ಮೈಮೇಲೆ ಹಳದಿ ಪಟ್ಟೆ, ಎತ್ತಿಕೊಳ್ಳೋಣ ಅನ್ನಿಸುವಷ್ಟು ಮುದ್ದು. ಎತ್ತಿಕೊಂಡರೆ ಅದು 'ಕ್ಯಾಂವ್' ಅಂತ ಕೂಗುತ್ತದೆ. ಆ ಕೂಗಿಗೆ ಓಗೊಡುವ ತಾಯಿ ನಾಲ್ಕು ಮಾರು ದೂರದಲ್ಲಿ ಮುಳುಗಿರುತ್ತದೆ. ಜನರಿಂದ ದೂರ ಸರಿಯುವ ಅದೇ ಹೆಣ್ಣು ಆಗ ಸರಿಯುವುದಿಲ್ಲ.

ನಮ್ಮ ಗೌರಿ ಗಣೇಶ ಬರುವುದು ಸರಿಯಾಗಿ ಈ ದಿನಗಳಲ್ಲೇ. ಗಣಪತಿಯನ್ನು ಬಿಡುವುದು ಯಾವಾಗ? ಮುಸ್ಸಂಜೆಗೆ. ಎಲ್ಲಿ? ನೀರಿಗೆ ಇಳಿದು, ಬಗ್ಗಿ. ಜೊತೆಗೆ ಮಕ್ಕಳು, ಕೈಯಲ್ಲಿ ಕಡುಬು, ಹಣ್ಣು, ಅಕ್ಷತೆ. ಮೇಲೆ ಬೇಡ ಅಂದದ್ದೆಲ್ಲ ಒಂದೇ ಗಳಿಗೆಯಲ್ಲಿ ಸೇರುತ್ತವೆ. ಹಿತ್ತಲ ಕೆರೆಗೆ ಗಣಪತಿ ಬಿಡಬಾರದು, ಗೌರಿ ಬಾಗಿನವನ್ನೂ ಬಿಡಬಾರದು ಅಂತ ಈಗ ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ.

ಆ ಸಲ ನಮ್ಮ ಮನೆಯ ಮಣ್ಣಿನ ಗಣಪತಿಯನ್ನು ಅಮ್ಮನೇ ದೊಡ್ಡ ಬಕೆಟ್ಟಿನಲ್ಲಿ ಬಿಟ್ಟಳು. ಬಕೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿದ್ದಳು. ರಾತ್ರಿ ಕಿಟಕಿ ತೆರೆದಾಗ ಕೆರೆಯಂಚಿನ ಆಪು ಹುಲ್ಲಿನ ಸಂದಿಯಿಂದ ಮರಿಗಳ ಕೂಗು ಕೇಳುತ್ತಿತ್ತು. "ಎಷ್ಟು ಮರಿ ಇರಬಹುದೇ?" ಅಂತ ಕೇಳಿದಳು. ಬೆಳಿಗ್ಗೆ ಗಣಪತಿ ಪೂರ್ತಿ ಕರಗಿ ತಳದಲ್ಲಿ ಮೆತ್ತನೆಯ ಜೇಡಿ ಉಳಿದಿತ್ತು. ಅದನ್ನು ಮನೆ ಮುಂದಿನ ಕರಿಬೇವಿನ ಕುಂಡಕ್ಕೆ ಸುರಿದು, ಬಕೆಟ್ಟನ್ನು ನಲ್ಲಿಯ ಹತ್ತಿರವೇ ತೊಳೆದಿಟ್ಟಳು.